ದವಡೆ ಕಟ್ಟಿದವರು

ಮೂಗು ಕಳೆದುಕೊಂಡವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಡುತ್ತಿದ್ದ ನಮ್ಮ ದೇಶದ ವಿದ್ಯೆಯ ವಿಷಯ ವಾಚಕರು ಕೇಳಿಯೇ ಇರುತ್ತಾರೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಾಳೆಯದ ಗಾಡಿಯವನಾಗಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು ಕೊಯ್ಯಿಸಿಕೊಂಡ. ಪುಣೆಯ ಕಡೆಯ, ಇಟ್ಟಿಗೆ ಮಾಡುವ ಕುಲದವನೊಬ್ಬ ಅದನ್ನು ಮತ್ತೆ ಕಟ್ಟಿಕೊಟ್ಟ. ಆ ಸುದ್ದಿ 1794ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಗಿ ಅಲ್ಲಿನ ವೈದ್ಯರು ಬೆರಗಾದರು.

ಆದರೆ ದವಡೆಯ ಮಾತು ಬೇರೆ. ಮೂಗು ಇದ್ದಲ್ಲಿಯೇ ಇರುವ ಅಂಗ. ದವಡೆ ಆಡುವ ಅಂಗ. ಅನ್ನಕ್ಕೂ ಅದೇ, ಅಕ್ಷರಕ್ಕೂ ಅದೇ. ಪ-ವರ್ಗ ಓಷ್ಠ್ಯ, ತ-ವರ್ಗ ದಂತ್ಯ ಎಂದು ವ್ಯಾಕರಣದ ತರಗತಿಯಲ್ಲಿ ವರ್ಷವರ್ಷವೂ ಹೇಳಿಕೊಂಡು ಬಂದವನು ನಾನು. ತುಟಿಯೂ ಹಲ್ಲೂ ಹೋದವನಿಗೆ ಆ ಅಕ್ಷರಗಳ ನೆಲೆಯೇ ಹೋದಂತೆ. ಅವನು 'ಅಪ್ಪ' ಎಂದು ಕರೆಯಲಾರ, 'ತಾ' ಎಂದು ಕೇಳಲಾರ. ಇಂಥ ಸ್ಥಿತಿಗೆ ಬಂದ ಸಾವಿರಾರು ತರುಣರನ್ನು ವೈದ್ಯರ ಮುಂದೆ ತಂದು ನಿಲ್ಲಿಸಿದ್ದು 1914ರ ಮಹಾಯುದ್ಧ.

ಅದು ಕಂದಕಗಳ ಯುದ್ಧ. ಮೈಯೆಲ್ಲ ಮಣ್ಣಿನ ಮರೆಯಲ್ಲಿದ್ದರೂ ತಲೆಯೆತ್ತಿದರೆ ಗುಂಡು ಮುಖಕ್ಕೇ ತಗಲುತ್ತಿತ್ತು. ಆದರೆ ಮೊದಲಲ್ಲಿ ಫ್ರಾನ್ಸಿಗೆ ಹೋದ ಬ್ರಿಟಿಷ್ ಸೈನ್ಯದೊಂದಿಗೆ ದಂತವೈದ್ಯನೆಂಬವನು ಒಬ್ಬನೂ ಇರಲಿಲ್ಲ! ಹಲ್ಲು ಕೀಳುವವನಿಗೆ ರಣರಂಗದಲ್ಲೇನು ಕೆಲಸವೆಂದು ಬಗೆದಿರಬೇಕು. ಸೇನಾನಿ ಹೇಗನಿಗೇ ಹಲ್ಲುನೋವು ಬಂದಾಗ ಪ್ಯಾರಿಸ್ಸಿನಿಂದ ದಂತವೈದ್ಯನನ್ನು ಕರೆಸಬೇಕಾಯಿತು.

ಗಾಯಾಳುಗಳನ್ನು ಸಾಗಿಸುವ ಬಗೆಯೂ ತಿಳಿದಿರಲಿಲ್ಲ. ಕೆಲ್ಸಿ ಫ್ರೈ ಎಂಬ ಸೈನ್ಯದ ವೈದ್ಯ ದವಡೆ ಚೂರಾದ ಒಬ್ಬನನ್ನು, ತಲೆ ಮುಂದಕ್ಕೆ ಬಾಗಿಸಿ, ನಡೆಸಿಕೊಂಡೇ ಶುಶ್ರೂಷೆಯ ಠಾಣೆಗೆ ತಂದ. ಅಲ್ಲಿ ಅವನನ್ನು ಸ್ಟ್ರೆಚರಿನ ಮೇಲೆ ಅಂಗಾತ ಮಲಗಿಸಿದರು. ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿ ಸತ್ತ. ದವಡೆಯ ಆಸರೆ ತಪ್ಪಿದ ನಾಲಗೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುತ್ತದೆ. ಮಲಗಿಸುವುದಾದರೆ ಮುಖ ಕೆಳಗಾಗಿ ಮಲಗಿಸಬೇಕೆಂಬ ಪಾಠಕ್ಕೆ ಒಂದು ಜೀವದ ಬೆಲೆ ತೆರಬೇಕಾಯಿತು.

ಆ ದಿನಗಳಲ್ಲಿ ಫ್ರಾನ್ಸಿನ ಸೈನಿಕ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ವಲಾದಿಯೇ ಎಂಬ ದಂತವೈದ್ಯ ಮುರಿದ ದವಡೆಗಳನ್ನು ಕೂಡಿಸುತ್ತಿದ್ದ. ಹಣವಂತ, ಷೋಕಿಯವ. ರೋಲ್ಸ್ ರಾಯ್ಸ್ ಮೋಟಾರಿನಲ್ಲಿ ಹಲ್ಲಿನ ಕುರ್ಚಿಯನ್ನು ಹೂಡಿಸಿಕೊಂಡು ತಿರುಗುತ್ತಿದ್ದನಂತೆ! ಆದರೆ ದಂತವೈದ್ಯನೊಬ್ಬನೇ ಕತ್ತಿ ಹಿಡಿಯುವಂತಿಲ್ಲ. ಮೇಲ್ವಿಚಾರಣೆಗೆಂದು 1915ರಲ್ಲಿ ನ್ಯೂಜಿಲೆಂಡಿನ ಹೆರಾಲ್ಡ್ ಗಿಲ್ಲಿಸ್ ಎಂಬ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯನನ್ನು ನೇಮಿಸಿದರು. ಕಾವಲಿಗೆ ಬಂದವನು ಶಿಷ್ಯನಾದ.

ಅಲ್ಲಿಯವರೆಗಿನ ರೂಢಿಯೆಂದರೆ ಗಾಯದ ಅಂಚುಗಳನ್ನು ಎಳೆದು ಹೊಲಿದುಬಿಡುವುದು. ಗಾಯವೇನೋ ಮಾಯುತ್ತಿತ್ತು. ಆದರೆ ಒಳಗೆ ಮೂಳೆಯ ಆಧಾರವಿಲ್ಲದೆ ಸ್ನಾಯುಗಳು ದವಡೆಯ ತುಂಡುಗಳನ್ನು ಒಳಕ್ಕೆ ಜಗ್ಗಿ, ಕಲೆ ಬಿಗಿದು, ಬಾಯಿ ಒಂದು ಸಣ್ಣ ತೂತಾಗುತ್ತಿತ್ತು. ಗಿಲ್ಲಿಸ್ ಕಂಡುಕೊಂಡ ಕ್ರಮ ಮನೆ ಕಟ್ಟುವವರದೇ: ಮೊದಲು ಗೋಡೆ, ಆಮೇಲೆ ಗಿಲಾವು. ಉಳಿದ ಹಲ್ಲುಗಳ ಅಚ್ಚು ತೆಗೆದು, ಲೋಹದ ಪಟ್ಟಿ ಮಾಡಿ, ತುಂಡುಗಳನ್ನು ಅವುಗಳ ಸ್ಥಾನದಲ್ಲಿ ಬಿಗಿಯುವವನು ದಂತವೈದ್ಯ. ಬೇಕಾದಲ್ಲಿ ಪಕ್ಕೆಯಿಂದಲೋ ಸೊಂಟದಿಂದಲೋ ಮೂಳೆ ತಂದು ಸೇರಿಸುವುದು. ತುಟಿ ಕೆನ್ನೆಗಳ ಸರದಿ ಅನಂತರ. ಆ ಕೆಲ್ಸಿ ಫ್ರೈಯೇ ಮುಂದೆ ಗಿಲ್ಲಿಸನ ಜೊತೆಗಾರನಾದ. ಗಟ್ಟಿಯಾದುದೆಲ್ಲ ಫ್ರೈಯ ಪಾಲು, ಮೆತ್ತನೆಯದು ಗಿಲ್ಲಿಸನ ಪಾಲು ಎಂದು ಇಬ್ಬರೂ ಹಂಚಿಕೊಂಡರು.

1916ರ ಸೊಮ್ ಕದನಕ್ಕೆ ಮುಂಚೆ ಆಲ್ಡರ್‌ಷಾಟಿನಲ್ಲಿ ಗಿಲ್ಲಿಸ್ ಇನ್ನೂರು ಹಾಸಿಗೆ ಸಿದ್ಧಮಾಡಿಕೊಂಡಿದ್ದ. ಬಂದವರು ಎರಡು ಸಾವಿರ. 1917ರಲ್ಲಿ ಸಿಡ್‌ಕಪ್ಪಿನಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆ ತೆರೆಯಿತು; 1925ರ ವೇಳೆಗೆ 5000ಕ್ಕೂ ಹೆಚ್ಚು ಜನರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ಅಲ್ಲಿ ನಡೆದವು. ಬಾಯಿಯೇ ಕೆಲಸದ ಜಾಗವಾದರೆ ಮೂಗುಬಾಯಿಗಳ ಮೇಲೆ ಮುಸುಕು ಹಾಕಿ ಈಥರ್ ಕೊಡುವುದೆಂತು? ಮ್ಯಾಗಿಲ್, ರೋಬಾಥಮ್ ಎಂಬಿಬ್ಬರು ಅಲ್ಲಿಯೇ ಶ್ವಾಸನಾಳಕ್ಕೆ ರಬ್ಬರು ನಳಿಕೆ ಇಳಿಸುವ ಕ್ರಮವನ್ನು ಹದಕ್ಕೆ ತಂದರು. ಇಂದು ಯಾವ ಆಸ್ಪತ್ರೆಯಲ್ಲಾದರೂ ಕಾಣುವ ನಳಿಕೆ ಆ ಸಂತತಿಯದು.

ಆಸ್ಪತ್ರೆಯ ವಾರ್ಡುಗಳಲ್ಲಿ ಕನ್ನಡಿ ಇಡಗೊಡುತ್ತಿರಲಿಲ್ಲವಂತೆ. ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕುಳಿತವನ ಮುಖ ಕಂಡು ದಾರಿಹೋಕರು ಬೆಚ್ಚಬಾರದೆಂದು ಆ ಗುರುತು. ಕರುಣೆಯೋ ಕ್ರೌರ್ಯವೋ, ನನಗಂತೂ ಬಗೆಹರಿಯದು. ಅದೇ ಮುಖಗಳನ್ನು ಹೆನ್ರಿ ಟಾಂಕ್ಸ್ ಕಣ್ಣು ತಪ್ಪಿಸದೆ ನೋಡಿ ಚಿತ್ರಿಸಿದ್ದಾನೆ. ವೈದ್ಯನಾಗಿದ್ದು ಚಿತ್ರಕಾರನಾದವನು ಅವನು.

ಇನ್ನೊಬ್ಬನ ಹೆಸರು ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. ಆರ್ಮೇನಿಯದ ವರಾಜ್ತಾದ್ ಕಜಾಂಜಿಯನ್ ಅಮೆರಿಕೆಗೆ ವಲಸೆ ಹೋಗಿ, ತಂತಿ ಕಾರ್ಖಾನೆಯಲ್ಲಿ ದುಡಿದು, ಹಾರ್ವರ್ಡಿನಲ್ಲಿ ದಂತವೈದ್ಯ ಕಲಿತವನು. 1915ರಿಂದ ಫ್ರಾನ್ಸಿನ ಬ್ರಿಟಿಷ್ ಆಸ್ಪತ್ರೆಯಲ್ಲಿ ತಂತಿ, ರಬ್ಬರುಗಳಿಂದಲೇ ಅವನು ನಿಲ್ಲಿಸಿದ ದವಡೆಗಳು ಎಷ್ಟೋ. ಇಂಗ್ಲೆಂಡಿನ ದೊರೆ ಬಿರುದು ಕೊಟ್ಟ. ಆದರೂ ಸ್ವದೇಶದಲ್ಲಿ ಸ್ವತಂತ್ರವಾಗಿ ಕತ್ತಿ ಹಿಡಿಯಲು ದಂತವೈದ್ಯನ ಪದವಿ ಸಾಲದಾಯಿತು. ನನ್ನಂಥ ನಡುವಯಸ್ಸಿನವನು ಮತ್ತೆ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತು, 1921ರಲ್ಲಿ, ನಲವತ್ತು ದಾಟಿದ ಮೇಲೆ, ವೈದ್ಯ ಪದವಿ ಪಡೆದ. ಇಪ್ಪತ್ತು ವರ್ಷಗಳ ತರುವಾಯ ಅದೇ ಹಾರ್ವರ್ಡು ಅವನನ್ನು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕನನ್ನಾಗಿ ಮಾಡಿಕೊಂಡಿತು.