ಡೆಂಗಿ ಲೆಕ್ಕ: ದಂಡ 1,000 ರೂ., ಅಂಗಡಿ ಬಾಗಿಲು ಹಾಕಿದರೆ ಎಷ್ಟು?

ಹೊಸಪೇಟೆ: ಡೆಂಗಿ ಬಂತೆಂದರೆ ಎಲ್ಲರೂ ಮೊದಲು ಕೇಳೋದು ಆಸ್ಪತ್ರೆ ಬಿಲ್ ಎಷ್ಟಾಯ್ತು ಅಂತ. ಒಬ್ಬರೇ ನಡೆಸುವ ಅಂಗಡಿಗೆ ದೊಡ್ಡ ಪೆಟ್ಟು ಬೀಳುವುದು ಬಾಗಿಲು ಹಾಕಿದ ದಿನಗಳಿಂದ. ಜ್ವರ ಒಂದು ವಾರ, ಆಮೇಲಿನ ಸುಸ್ತು ಇನ್ನೊಂದು ವಾರ. ದಿನದ ದುಡಿಮೆ 600 ರೂ. ಎಂದು ಹಿಡಿದರೂ 14 ದಿನಕ್ಕೆ 8,400 ರೂ. ಹೋಯಿತು. ಬಾಡಿಗೆ, ಪಿಗ್ಮಿ ಮಾತ್ರ ನಿಲ್ಲುವುದಿಲ್ಲ.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ? ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7ರಿಂದ 10 ದಿನ ಸಾಕು. ಅದರ ಹೊಟ್ಟೆ ಸೇರಿದ ವೈರಸ್ ಬೇರೆಯವರಿಗೆ ಹರಡಲು 25–28 ಡಿಗ್ರಿಯಲ್ಲಿ 8ರಿಂದ 12 ದಿನ ಬೇಕು. ಸೆಖೆ ಇನ್ನಷ್ಟು ಏರಿದರೆ ಈ ಅವಧಿ ಕಡಿಮೆಯಾಗುತ್ತದೆ. ನಮ್ಮಲ್ಲಿ 40 ಡಿಗ್ರಿ ಬಿಸಿಲಿಗೆ ಸೊಳ್ಳೆ ಸಾಯಬೇಕಲ್ಲ ಅನ್ನಬಹುದು. ಅದು ಬಿಸಿಲಲ್ಲಿ ಇರೋದಿಲ್ಲ. ಮಂಚದ ಕೆಳಗೆ, ಬಚ್ಚಲಲ್ಲಿ, ಡ್ರಮ್ ಪಕ್ಕ ತಂಪಾಗಿ ಕೂತಿರುತ್ತದೆ.

ಮಳೆ ಕೈಕೊಟ್ಟರೂ ಡೆಂಗಿ ಬಿಡದಿರಲು ಕಾರಣ ಇದೇ. ನಳದ ನೀರು ದಿನಾ ಬರದ ಓಣಿಯಲ್ಲಿ ಜನ ಡ್ರಮ್, ತೊಟ್ಟಿ ತುಂಬಿಡಲೇಬೇಕು. ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ. ಆದರೆ ಈಡಿಸ್‌ಗೆ ಬೇಕಾಗಿರೋದೂ ನಿಂತ ತಿಳಿನೀರೇ. ಸಂಡೂರು ಕಡೆ ಅದಿರು ಲಾರಿಗಳ ಹಳೇ ಟೈರು, ಹಂಪಿಯಲ್ಲಿ ಕುಡಿದು ಬಿಸಾಕಿದ ಎಳನೀರು ಬುರುಡೆ ಅದಕ್ಕೆ ಮನೆ. ಮಳೆ ಅಕ್ಟೋಬರ್‌ವರೆಗೂ ಎಳೆದರೆ ಜ್ವರದ ಕಾಲ ಹಂಪಿಯ ಪ್ರವಾಸಿ ಸೀಸನ್ ಒಳಗೇ ಬಂದುಬಿಡುತ್ತದೆ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ಏಳುವ ಕ್ಯೂಲೆಕ್ಸ್ ಸೊಳ್ಳೆ ಬೇರೆ. ಅದು ಹರಡುವುದು ಮೆದುಳು ಜ್ವರ.

ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂ.; ಅಂಗಡಿ, ಹೋಟೆಲ್‌ಗಳಿಗೆ 1,000 ಮತ್ತು 500; ಖಾಲಿ ಸೈಟು, ಕಟ್ಟಡ ಕೆಲಸದ ಜಾಗಕ್ಕೆ 2,000 ಮತ್ತು 1,000. ಮೇಲಿನ 8,400ರ ಮುಂದೆ ಇದು ಚಿಲ್ಲರೆ.

ಖಾಸಗಿ ಲ್ಯಾಬ್‌ಗಳಿಗೂ ಅದೇ ವರ್ಷ ದರ ಕಟ್ಟಲಾಯಿತು: ಎನ್‌ಎಸ್‌1 ಎಲಿಸಾ 300 ರೂ., ಐಜಿಎಂ ಎಲಿಸಾ 300, ರ‍್ಯಾಪಿಡ್ ಕಾರ್ಡ್ 250. ಹೆಚ್ಚು ಕೇಳಿದರೆ ರಸೀದಿ ಇಟ್ಟುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ.

ಇನ್ನು ಡ್ರಮ್ ವಿಷಯ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದ ಕೂಡಲೇ ಮರಿಯಾಗುತ್ತದೆ. ವಾರಕ್ಕೊಮ್ಮೆ ಒಳಗೋಡೆ ಗಸಗಸ ಉಜ್ಜಿ, ಒಣಗಿಸಿ, ಆಮೇಲೆ ತುಂಬಿ ಬಿಗಿಯಾಗಿ ಮುಚ್ಚಿ.