ಕೋಲಾರದ ಗಣಿಧೂಳೂ ‘ಮಿತಿ’ಯೆಂಬ ಮಾತೂ

‘ಮಿತಿ’ ಎಂಬ ಶಬ್ದಕ್ಕೆ ಅಳತೆಯೆಂದೂ ಎಲ್ಲೆಯೆಂದೂ ಎರಡು ಅರ್ಥಗಳುಂಟು. ದುಡಿಯುವವನು ಉಸಿರಾಡುವ ಗಾಳಿಯಲ್ಲಿ ವಿಷಪದಾರ್ಥವು ಎಷ್ಟಿರಬಹುದೆಂಬ ವಿಚಾರದಲ್ಲಿ ಈ ಎರಡು ಅರ್ಥಗಳೂ ಕೂಡಿಬರಲು ಬಹುಕಾಲ ಹಿಡಿಯಿತು. ನಮ್ಮ ನಾಡಿನಲ್ಲಿ ಇದಕ್ಕೆ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ.

ಅಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನಲ್ಲಿ. ಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ಸಿಲಿಕಾ ಧೂಳಿನ ಸೂಕ್ಷ್ಮಕಣಗಳು ಶ್ವಾಸಕೋಶವನ್ನು ಹೊಕ್ಕು ಅದನ್ನು ಗಡುಸುಮಾಡುತ್ತವೆ. ಇದೇ ಸಿಲಿಕೋಸಿಸ್ ರೋಗ. ೧೯೪೦ರಿಂದ ೧೯೪೬ರವರೆಗೆ ೭,೬೫೩ ಮಂದಿ ಕೆಲಸಗಾರರನ್ನು ಪರೀಕ್ಷಿಸಲಾಗಿ, ನೂರಕ್ಕೆ ೪೦ಕ್ಕೂ ಮೇಲ್ಪಟ್ಟವರಲ್ಲಿ ಅದು ಕಂಡುಬಂದಿತು. ಭಾರತದಲ್ಲಿ ಈ ರೋಗದ ಮೊದಲ ವರದಿಯು ೧೯೪೭ರಲ್ಲಿ ಇಲ್ಲಿಂದಲೇ ಹೊರಟಿತು.

ಈ ಎಣಿಕೆಯು ರೋಗಿಗಳದು. ಗಾಳಿಗೇ ಎಲ್ಲೆ ಕಟ್ಟುವ ಪಟ್ಟಿಯು ಕಾರ್ಖಾನೆಗಳ ಶಾಸನಕ್ಕೆ ಸೇರಿದುದು ಭೋಪಾಲದ ದುರಂತವಾದ ಮೂರು ವರ್ಷಗಳ ಮೇಲೆ, ೧೯೮೭ರಲ್ಲಿ. ಬೆಣಚಿನ ಧೂಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಧೂಳಿನಲ್ಲಿ ಬೆಣಚಿನ ಅಂಶ ಹೆಚ್ಚಿದಷ್ಟೂ ಎಲ್ಲೆಯು ಬಿಗಿಯಾಗುವಂತೆ ಸೂತ್ರವನ್ನು ರಚಿಸಲಾಗಿತ್ತು. ಆದರೆ ಆ ಶಾಸನವು ಗಣಿಗಳಿಗೆ ಅನ್ವಯಿಸುತ್ತಿರಲಿಲ್ಲ. ಅವುಗಳಿಗೆ ೧೯೫೨ರ ಗಣಿ ಶಾಸನವು ಬೇರೆಯೇ ಇದ್ದಿತು. ೨೦೦೧ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು.

ದೇಹವನ್ನು ಅಳೆದು ತಿಳಿದುದು ಪರಿಹಾರಕ್ಕೆ ಆಧಾರವಾದೀತು. ರಕ್ಷಣೆಯಾಗಬೇಕಾದರೆ ಗಾಳಿಯ ಅಳತೆಯೇ ಮೊದಲು ನಡೆಯಬೇಕು. ಅಳತೆಯಿಲ್ಲದ ಎಲ್ಲೆಯು ಬರಿಯ ಮಾತಲ್ಲದೆ ಮಿತಿಯೆನಿಸದು.