ವಿಲಿಯಂ ಡೆಂಪ್‌ಸ್ಟರ್ ಹೋರ್ಡ್: ಹೈನುಗಾರಿಕೆ, ರಾಜಕಾರಣ ಮತ್ತು ಮನೆಮಾತು

ಹೈನುಗಾರಿಕೆಯ ಇತಿಹಾಸವನ್ನು ಸಾಮಾನ್ಯವಾಗಿ ತಳಿ, ಇಳುವರಿ, ಮಾರುಕಟ್ಟೆಗಳ ಇತಿಹಾಸವೆಂದೇ ಬರೆಯಲಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಲಿಯಂ ಡೆಂಪ್‌ಸ್ಟರ್ ಹೋರ್ಡನ (1836–1918) ಬದುಕನ್ನು ಹಾಗೆ ಓದಿದರೆ ಅರ್ಧವಷ್ಟೇ ದಕ್ಕುತ್ತದೆ. ಹೈನುಗಾರರ ಬೆಂಬಲದಿಂದ ಗವರ್ನರ್ ಪದವಿಗೇರಿದ ಈತ ಎರಡೇ ವರ್ಷಗಳಲ್ಲಿ ಅದನ್ನು ಕಳೆದುಕೊಳ್ಳಲು ಮುಖ್ಯ ಕಾರಣ ಹಾಲಲ್ಲ, ಮಕ್ಕಳ ಓದಿನ ಭಾಷೆ.

ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಹೋರ್ಡ್, ಎಳವೆಯಲ್ಲಿ ನೆರೆಯ ಹೈನುಗಾರನಲ್ಲಿ ದುಡಿದು ಬೆಣ್ಣೆ, ಚೀಸ್ ತಯಾರಿಕೆಯನ್ನು ಕಲಿತ. 1857ರಲ್ಲಿ ವಿಸ್ಕಾನ್ಸಿನ್‌ಗೆ ಬಂದ. ಅಂತರ್ಯುದ್ಧದ ತರುವಾಯ ಬಿಯರ್ ತಯಾರಿಕೆಗೆ ಬೇಕಾದ ಹಾಪ್ಸ್ ಬೆಳೆಯಲ್ಲಿ ಕೈಸುಟ್ಟುಕೊಂಡು ಸಾಲಗಾರನಾದ. ಆ ವೇಳೆಗೆ ಗೋಧಿಯೊಂದನ್ನೇ ಬೆಳೆದು ಅಲ್ಲಿನ ಮಣ್ಣೂ ಸೊರಗಿತ್ತು. ಸೊರಗಿದ ನೆಲಕ್ಕೆ ಹಸುವೇ ಮದ್ದೆಂಬುದು ಹೋರ್ಡನ ನಿಲುವು. ಇದನ್ನು ಸಾರಲು ಆತ 1870ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿದ. 1872ರಲ್ಲಿ ವಿಸ್ಕಾನ್ಸಿನ್ ಹೈನುಗಾರರ ಸಂಘದ ಸ್ಥಾಪನೆಗೆ ದುಡಿದ. 1885ರಲ್ಲಿ ‘ಹೋರ್ಡ್ಸ್ ಡೈರಿಮನ್’ ಪತ್ರಿಕೆಯನ್ನು ಹೊರಡಿಸಿದ. ಆತನ ಉದ್ಯಮ ಬೆಳೆದುದು ಹಾಲು ಮಾರಿ ಅಲ್ಲ, ಹಾಲಿನ ವಿದ್ಯೆಯನ್ನು ಮಾರಿ ಎನ್ನುವುದೇ ಸರಿ. ಸ್ವಂತ ಹೈನುತೋಟವನ್ನು ಕೊಂಡದ್ದು 1899ರಷ್ಟು ತಡವಾಗಿ.

ಜಾನಪದ ಅಧ್ಯಯನಕಾರರಿಗೆ ಇಲ್ಲಿ ಆಸಕ್ತಿ ಹುಟ್ಟಿಸುವುದು ಆತನ ಮಾತುಗಾರಿಕೆ. ನಗೆಕತೆಗಳ ಮೂಲಕವೇ ಆತ ರೈತರನ್ನು ಒಲಿಸಿಕೊಳ್ಳುತ್ತಿದ್ದ. ಹಸುವನ್ನು ತಾಯಿಯಂತೆ ನಡೆಸಿಕೊಳ್ಳಬೇಕೆಂದು ಕೊಟ್ಟಿಗೆಯ ಆಳುಗಳಿಗೆ ಕಟ್ಟಪ್ಪಣೆ ಮಾಡಿದ್ದ. ಇದನ್ನು ನಮ್ಮ ಗೋಮಾತೆಯ ಕಲ್ಪನೆಯೊಡನೆ ಸಮೀಕರಿಸಲಾಗದು: ಖರ್ಚಿಗಿಂತ ಕಡಿಮೆ ಗಳಿಸುವ ಹಸುವನ್ನು ಲೆಕ್ಕವಿಟ್ಟು ಗುರುತಿಸಿ ಹೊರಹಾಕಬೇಕೆಂದು ಬೋಧಿಸಿದವನೂ ಈತನೇ.

1888ರ ಚುನಾವಣೆಯಲ್ಲಿ ಗೆದ್ದು, 1889ರ ಜನವರಿಯಲ್ಲಿ ಹೋರ್ಡ್ ರಿಪಬ್ಲಿಕನ್ ಪಕ್ಷದ ಗವರ್ನರನಾದ. ಕಲಬೆರಕೆಯನ್ನು ತಡೆಯಲು ಹೈನು ಮತ್ತು ಆಹಾರ ಆಯುಕ್ತರ ಹುದ್ದೆ ಅದೇ ವರ್ಷ ಸೃಷ್ಟಿಯಾಯಿತು. ಅದೇ ವರ್ಷ, ಹೆಚ್ಚಿನ ಚರ್ಚೆಯಿಲ್ಲದೆ, ಬೆನೆಟ್ ಕಾಯಿದೆಯೂ ಅಂಗೀಕಾರವಾಯಿತು. ಏಳರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಶಾಲೆಯನ್ನು ಕಡ್ಡಾಯಗೊಳಿಸಿದ ಈ ಕಾಯಿದೆ, ಓದು, ಬರಹ, ಗಣಿತ ಮತ್ತು ದೇಶದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಕಲಿಸದ ಶಾಲೆಯನ್ನು ಶಾಲೆಯೆಂದೇ ಪರಿಗಣಿಸಲಿಲ್ಲ. ಜರ್ಮನ್ ಭಾಷಿಕರ ಲುಥೆರನ್ ಮತ್ತು ಕ್ಯಾಥೊಲಿಕ್ ಶಾಲೆಗಳಿಗೆ ಇದು ನೇರ ಪೆಟ್ಟಾಗಿತ್ತು. ಪರಸ್ಪರ ದೂರವಿದ್ದ ಈ ಎರಡು ಪಂಗಡಗಳು ಕಾಯಿದೆಯ ವಿರುದ್ಧ ಒಂದಾದವು. ಹೋರ್ಡನೋ ಅದನ್ನೇ ಚುನಾವಣೆಯ ಘೋಷಣೆಯಾಗಿಸಿಕೊಂಡ. ಬಡಮಕ್ಕಳ ಏಳಿಗೆಗೆ ಇಂಗ್ಲಿಷ್ ಬೇಕೆಂಬ ಆತನ ಕಾಳಜಿಯನ್ನು ಸುಳ್ಳೆನ್ನಲಾಗದು. ಆದರೆ ಹಸುವಿನ ಸ್ವಭಾವವನ್ನು ಅಷ್ಟು ತಾಳ್ಮೆಯಿಂದ ಅರಿತವನು, ಮನೆಮಾತನ್ನು ಕುರಿತ ಜನರ ಅಳುಕನ್ನು ಕೇವಲ ಪಾದ್ರಿಗಳ ಪಿತೂರಿಯೆಂಬಂತೆ ಕಂಡದ್ದು ಆತನ ರಾಜಕೀಯದ ದೊಡ್ಡ ಕುರುಡು.

1890ರಲ್ಲಿ ಹೋರ್ಡನನ್ನು ಸೋಲಿಸಿದವನು ಮಿಲ್ವಾಕಿಯ ಮೇಯರ್, ಹಾಸ್ಯಲೇಖಕ ಜಾರ್ಜ್ ಪೆಕ್. 1891ರಲ್ಲಿ ಕಾಯಿದೆ ರದ್ದಾಯಿತು. ಹೋರ್ಡ್ ಮರಳಿ ಹಸುಗಳ ಪಕ್ಷ ವಹಿಸಿದ: ಬೆಣ್ಣೆಯ ಬಣ್ಣ ತಳೆದ ಮಾರ್ಗರೀನ್ ವಿರುದ್ಧ ರಾಷ್ಟ್ರಮಟ್ಟದಲ್ಲಿ ಹೋರಾಡಿದ. 1902ರ ಕಾನೂನು ಬಣ್ಣದ ಮಾರ್ಗರೀನಿಗೆ ಪೌಂಡಿಗೆ 10 ಸೆಂಟ್, ಬಣ್ಣವಿಲ್ಲದ್ದಕ್ಕೆ ಕಾಲು ಸೆಂಟ್ ತೆರಿಗೆ ವಿಧಿಸಿತು.